ಈರುಳ್ಳಿ ಸಿಪ್ಪೆಯ ಬಣ್ಣ

ನೆಲಮಾಳಿಗೆಯ ಮೆಟ್ಟಿಲ ಮೇಲೆ ಹೆಂಡತಿಯ ಚಪ್ಪಲಿಯ ಸದ್ದು ಕೇಳಿದೊಡನೆ ಬೊಹೂಶ್ ಕೈಗೆ ಸಿಕ್ಕ ಟವೆಲನ್ನು ಮೇಜಿನ ಮೇಲಿದ್ದ ಪುಟ್ಟ ವಿಮಾನಕ್ಕೆ ಹೊದಿಸಿದ. ಹೊದಿಸಿದ ಮೇಲೆ ನೆನಪಾಯಿತು: ಬಾಲದ ಅಂಟು ಇನ್ನೂ ಹಸಿಯಾಗಿತ್ತು.

"ಈರುಳ್ಳಿಗೆ ಬಂದೆ," ಎಂದಳು ಮಿಲಾದಾ, ಮೂಲೆಯ ಬುಟ್ಟಿಗೆ ಬಗ್ಗಿ. "ಈರುಳ್ಳಿ ಅಲ್ಲ, ಸಿಪ್ಪೆಗೆ. ಮೊಟ್ಟೆ ಒಲೆ ಮೇಲಿದೆ, ಬಣ್ಣ ಕಟ್ಬೇಕು. ಸೋಮವಾರ ಕಣ್ಣು ಬಿಡೋದ್ರೊಳಗೆ ಗಂಡಸರೆಲ್ಲ ವಿಲೋ ಕಡ್ಡಿ ಚಾಟಿ ಹಿಡ್ಕೊಂಡು ಬಾಗಿಲಿಗೆ ಬಂದ್ಬಿಡ್ತಾರೆ, ಹೊಡೆದೋರಿಗೆಲ್ಲ ಒಂದೊಂದು ಮೊಟ್ಟೆ ಕೊಡ್ಬೇಕು."

"ಈ ವಯಸ್ಸಲ್ಲೂ ನಿಂಗೆ ಚಾಟಿ ಏಟು ಬೇಕಾ?"

"ಬೇಡ್ವಾ ಮತ್ತೆ? ಈಸ್ಟರ್ ಏಟು ಬೀಳದ ಹೆಂಗಸು ವರ್ಷವೆಲ್ಲ ಒಣಗ್ತಾಳಂತೆ. ನಿನ್ನ ನೆಚ್ಕೊಂಡ್ರೆ ಆಯ್ತು, ಚಳಿಗಾಲ ಪೂರ್ತಿ ಇಲ್ಲೇ ಹೂತ್ಕೊಂಡಿದೀಯ." ಅವಳ ಕಣ್ಣು ಮೇಜಿನತ್ತ ಹೊರಳಿತು. "ನನ್ನ ಪಾತ್ರೆ ಒರೆಸೋ ಟವೆಲು ಇಲ್ಲೇನು ಮಾಡ್ತಿದೆ?"

ಬೊಹೂಶ್ ಕೈ ಅಡ್ಡ ತರುವಷ್ಟರಲ್ಲಿ ಅವಳು ಎಳೆದಾಗಿತ್ತು. ಟವೆಲಿಗೆ ಅಂಟಿಕೊಂಡು ಬಾಲದ ಹಾಳೆಯೂ ಕಿತ್ತು ಬಂತು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಗುರಗಲದ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಅಂಟಿಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಉಜ್ಜಿ ಉಜ್ಜಿ ಅವನು ಆ ಯುದ್ಧವಿಮಾನಕ್ಕೆ ಲೋಹದ ಚರ್ಮ ಹೊದಿಸುತ್ತಾ ಬಂದಿದ್ದ. ರೆಕ್ಕೆಯ ಮೇಲಿನ ಮೂರು ಬಣ್ಣದ ವೃತ್ತವನ್ನೂ ಮೂಗಿನ ಬದಿಯ ಕಪ್ಪು ಸಂಖ್ಯೆಯನ್ನೂ ಮಾತ್ರ ಕುಂಚದಿಂದ ಬರೆದಿದ್ದ. ಮಿಲಾದಾ ಆ ಸಂಖ್ಯೆಯನ್ನೇ ನೋಡುತ್ತಾ ನಿಂತುಬಿಟ್ಟಳು.

ಅದು ಅವಳ ಅಣ್ಣ ರಾದಿಮ್ ಹಾರಿಸುತ್ತಿದ್ದ ವಿಮಾನದ ಸಂಖ್ಯೆ. ಅವಳಿನ್ನೂ ಶಾಲೆಯಲ್ಲಿದ್ದಾಗ ಒಂದು ಬೆಳಗ್ಗೆ ಮಂಜಿನೊಳಗೆ ಹಾರಿಹೋದವನು ಮರಳಲಿಲ್ಲ. ಮದುವೆಯ ದಿನ ಅತ್ತೆ ಬೊಹೂಶ್‌ನನ್ನು ಪಕ್ಕಕ್ಕೆ ಕರೆದು, "ಅವಳ ಹತ್ರ ರಾದಿಮ್ ಸುದ್ದಿ ಎತ್ಬೇಡಪ್ಪ" ಎಂದಿದ್ದಳು. ಅವನು ಎತ್ತಲಿಲ್ಲ. ಬ್ರನೊ ಪಟ್ಟಣದ ಟ್ರಾಮ್ ಓಡಿಸುತ್ತಲೇ ಪ್ರಾಯ ಕಳೆಯಿತು, ಮಕ್ಕಳು ದೊಡ್ಡವರಾದರು. ಆ ವಿಮಾನದ ಪಕ್ಕ ನಿಂತ ಅಣ್ಣನ ಫೋಟೊ ಅವಳ ಡ್ರಾಯರಿನಲ್ಲಿ ಬೋರಲಾಗಿಯೇ ಉಳಿಯಿತು. ಆ ಹೆಸರು ಅವಳ ಬಾಯಿಂದ ಬಂದದ್ದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಯಾರೂ ಕೂರದ ಕುರ್ಚಿಯೊಂದು ಮನೆಯ ನಡುವೆ ಇದ್ದಂತೆ, ಇಬ್ಬರೂ ಆ ಮೌನವನ್ನು ಬಳಸಿ ನಡೆಯುವುದನ್ನು ಕಲಿತಿದ್ದರು.

"ಬೇಡ ಅಂದ್ರೆ ಈಗ್ಲೇ ಒಡೆದು ಹಾಕ್ತೀನಿ," ಎಂದ ಬೊಹೂಶ್, ಅವಳ ಮುಖ ನೋಡದೆ.

"ಯಾಕೆ ಮಾಡ್ದೆ?"

"ಆ ಡ್ರಾಯರ್ ತೆಗಿ ಅಂತ ಕೇಳೋ ಧೈರ್ಯ ಇರ್ಲಿಲ್ಲ ಕಣೆ. ಇದು ಸುತ್ತುದಾರಿ."

ಮೇಲೆ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು. ಅವಳು ಹತ್ತಿ ಹೋಗಬಹುದು, ಮತ್ತೆ ಎಂದೂ ಇಳಿದು ಬರದಿರಬಹುದು ಎಂದು ಅವನಿಗೆ ಅನಿಸಿತು. ಅವಳು ಹೋಗಲಿಲ್ಲ. ಬಗ್ಗಿ, ಬರಿದಾದ ಬಾಲವನ್ನೂ ಟವೆಲಿಗಂಟಿದ ಹಾಳೆಯನ್ನೂ ನೋಡಿದಳು.

"ಬಾಲ ತಪ್ಪು."

"ಏನು?"

"ಇಷ್ಟು ಫಳಫಳ ಇರ್ಲಿಲ್ಲ. ಒಂದ್ಸಲ ಮನೆಯವ್ರನ್ನೆಲ್ಲ ವಿಮಾನ ನಿಲ್ಸೋ ಜಾಗಕ್ಕೆ ಕರೆದಿದ್ರು. ನನ್ನ ಎತ್ಕೊಂಡು ಹಿಂದಿನ ಕೊಳವೆ ತೋರ್ಸಿದ್ದ. ಇನ್ನೂ ಬೆಚ್ಚಗಿತ್ತು. ಬೆಂಕಿ ತಾಗಿ ತಾಗಿ ಅಲ್ಲಿ ಲೋಹ ಕಂದು ತಿರುಗಿತ್ತು." ಬುಟ್ಟಿಯಿಂದ ಒಂದು ಸಿಪ್ಪೆ ಆರಿಸಿ ದೀಪಕ್ಕೆ ಹಿಡಿದಳು. "ಹಿಂಗೆ. ನನ್ನ ಬಿಳಿ ಫ್ರಾಕ್ ಪೂರ್ತಿ ಮಸಿ. ಅಮ್ಮ ಬೈದಿದ್ದು ಮಾತ್ರ ಅವನಿಗೆ."

"ಆ ಬಣ್ಣಕ್ಕೇ ಡಬ್ಬಿಗಟ್ಟಲೆ ಪೇಂಟ್ ಸುರಿದೆ. ಬರ್ಲೇ ಇಲ್ಲ. ಕೊನೆಗೆ ಬರೀ ಹಾಳೆ ಅಂಟಿಸಿ ಸುಮ್ಮನಾದೆ."

"ಡಬ್ಬೀಲಿ ಎಲ್ಲಿ ಬರತ್ತೆ. ಹೊಸ ಹಾಳೆ ತಗೊಂಡು ಮೇಲೆ ಬಾ."

ಸಿಪ್ಪೆಯ ನೀರಿನಲ್ಲಿ ಮೊಟ್ಟೆಗಳು ಕುದಿಯುತ್ತಿದ್ದವು. ಅವಳು ಅಲ್ಯೂಮಿನಿಯಂ ಹಾಳೆಯನ್ನು ನಡುವೆ ಇಳಿಬಿಟ್ಟಾಗ ಅವನು, "ಮೊಟ್ಟೆ ಕೆಡತ್ತೇನೋ" ಎಂದ.

"ಕೆಟ್ಟಿದ್ದು ಪಕ್ಕದ್ಮನೆ ಒತಾಕರ್‌ಗೆ. ಪ್ರತಿ ವರ್ಷ ಜೋರಾಗಿ ಹೊಡಿಯೋದು ಅವನೇ."

ಹೊರಬಂದ ಹಾಳೆಗೆ ಕಡು ಚಹಾದ ಬಣ್ಣ ಬಂದಿತ್ತು. ಒಂದು ಅಂಚಿನಲ್ಲಿ ನೀಲಿಯ ಛಾಯೆ. ಬೊಹೂಶ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅತ್ತಿತ್ತ ಹೊರಳಿಸಿ ನೋಡಿದ.

ವಿಮಾನ ಅಡುಗೆಮನೆಯ ಮೇಜಿಗೆ ಬಂತು. ಅವನು ಬಾಲಕ್ಕಂಟಿದ ಟವೆಲಿನ ಎಳೆಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತು, ಹೊಸದಾಗಿ ಅಂಟು ಸವರಿ, ಕಂದು ಹಾಳೆಯನ್ನು ಕೂರಿಸಿ ಉಜ್ಜತೊಡಗಿದ. ಎದುರಿಗೆ ಮಿಲಾದಾ ಬಣ್ಣ ಹಿಡಿದ ಮೊಟ್ಟೆಗಳಿಗೆ ಹಂದಿಕೊಬ್ಬು ಸವರಿ, ಬಟ್ಟೆಯಿಂದ ತಿಕ್ಕಿ ಹೊಳಪು ತರುತ್ತಿದ್ದಳು. ಬಾಲದ ಕೆಳಗಿನ ತಿರುವಿನಲ್ಲಿ ಹಾಳೆ ಸುಕ್ಕಾಯಿತು. ಅವನು ಕಡ್ಡಿಯನ್ನು ಇನ್ನಷ್ಟು ಒತ್ತಿದ.

"ಸ್ವಲ್ಪ ಮೆಲ್ಲಗೆ," ಎಂದಳು ಮಿಲಾದಾ, ಕೈಯಲ್ಲಿದ್ದ ಮೊಟ್ಟೆಯಿಂದ ಕಣ್ಣೆತ್ತದೆ. "ರಾದಿಮ್‌ಗೆ ಕಚಗುಳಿ ಜಾಸ್ತಿ."