ಒದ್ದೆಯಾಗದ ಚೀಲ

ಅತ್ತೆ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಸೊಸೆಯ ಲಾರಿ ಹತ್ತುವುದನ್ನು ಕಂಡು ಮಗನಿಗೆ ಆಗಲೇ ಗೆದ್ದಷ್ಟು ಖುಷಿಯಾಯಿತು. ಗಾಡಿ ಹತ್ತಿದರೆ ಅಮ್ಮನಿಗೆ ವಾಂತಿ ಎನ್ನುವುದು ಇಡೀ ಬೀದಿಗೇ ಗೊತ್ತು.

ಗಂಡ ಹೆಂಡತಿ ಇಬ್ಬರೂ ಒಂದೇ ಶೆಡ್ಡಿನ ಡ್ರೈವರುಗಳು. ಶೆಡ್ಡಿಗೆ ಹೊಸದಾಗಿ ಬಂದಿದ್ದ ಬ್ಯಾಟರಿ ಲಾರಿ ಒಂದೇ. ಅದಕ್ಕೆ ಇಬ್ಬರೂ ಪಟ್ಟು ಹಿಡಿದಾಗ ಯಜಮಾನರು ಪಂದ್ಯ ಕಟ್ಟಿದರು. ಇಬ್ಬರ ಹಳೇ ಲಾರಿಗೂ ಒಂದೇ ತೂಕದ ಸಿಮೆಂಟು, ಕಂಠಮಟ್ಟ ಡೀಸೆಲ್. ಗುಡ್ಡದಾಚೆಯ ಗೋದಾಮಿಗೆ ಇಳಿಸಿ ಬರಬೇಕು. ಮತ್ತೆ ತುಂಬಿಸುವಾಗ ಯಾರ ಟ್ಯಾಂಕು ಕಡಿಮೆ ಕುಡಿಯುತ್ತದೋ ಹೊಸ ಲಾರಿ ಅವರಿಗೆ.

ಮಗನಿಗೆ ಅದು ಬರೀ ಷೋಕಿ. ಸೊಸೆಗೆ ಹಾಗಲ್ಲ. ಕ್ಲಚ್ಚು ತುಳಿದೂ ತುಳಿದೂ ಅವಳ ಎಡಮೊಣಕಾಲು ಊದಿಕೊಂಡಿತ್ತು. ಹೀಗೇ ಆದರೆ ಲಾರಿ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೊಸ ಲಾರಿಗೆ ಕ್ಲಚ್ಚೇ ಇಲ್ಲ. ಮೊಣಕಾಲಿನ ವಿಷಯ ಅತ್ತೆಗೆ ಮಾತ್ರ ಗೊತ್ತಿತ್ತು.

"ಮೊದಲನೇ ತಿರುವಲ್ಲೇ ನಿಲ್ಲಿಸ್ತೀಯ, ನೋಡ್ತಿರು. ಸಾಲದ್ದಕ್ಕೆ ಅಮ್ಮನ ತೂಕ ಬೇರೆ," ಎಂದ ಮಗ.

"ಒಂಬತ್ತು ತಿಂಗಳು ನಿನ್ನ ಹೊತ್ತಾಗ ನಾನು ತೂಕ ಕೇಳಿರ್ಲಿಲ್ಲ ಕಣೋ," ಎಂದು ಅತ್ತೆ ಬಾಗಿಲು ಎಳೆದುಕೊಂಡಳು.

ಮಗನಿಗೆ ತಿಳಿಯದ ಸಂಗತಿ ಒಂದಿತ್ತು. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವಳು ಸೊಸೆ, ಅದೂ ಇದೇ ಲಾರಿಯಲ್ಲಿ. ಸೀಟು ತೊಳೆದೂ ತೊಳೆದೂ ಅವಳು ಓಡಿಸುವ ಹದ ಕಲಿತಿದ್ದಳು. ತಿರುವು ದೂರದಲ್ಲಿ ಕಂಡಾಗಲೇ ಕಾಲು ಎತ್ತಬೇಕು. ಇಳಿಜಾರನ್ನು ಬ್ರೇಕು ತುಳಿಯದೆ ಗೇರಿನಲ್ಲೇ ಇಳಿಯಬೇಕು. ಏರಿನಲ್ಲಿ ಆಕ್ಸಿಲರೇಟರನ್ನು ತುಳಿಯಬಾರದು, ಮೆಲ್ಲಗೆ ಒತ್ತಬೇಕು. ಅತ್ತೆಯ ಹೊಟ್ಟೆ ತಣ್ಣಗಿದ್ದ ದಿನವೆಲ್ಲ ಡೀಸೆಲ್ಲೂ ಉಳಿದಿರುತ್ತಿತ್ತು.

ಗುಡ್ಡದ ಬುಡದಲ್ಲಿ ಮಗ ಹಾರನ್ ಹೊಡೆದು ಮುಂದೆ ಹೋದ. ಹೋದವನೇ ತಿರುವಿನಲ್ಲಿ ಗಕ್ಕನೆ ಬ್ರೇಕು ಹಾಕಿದ, ಮತ್ತೆ ಹೊಗೆ ಉಗುಳುತ್ತ ನುಗ್ಗಿದ.

"ನುಗ್ಗೋದು, ನಿಲ್ಸೋದು, ನುಗ್ಗೋದು. ಚಿಕ್ಕೋನಿದ್ದಾಗ ಊಟಾನೂ ಹೀಗೇ ಮಾಡ್ತಿದ್ದ," ಎಂದಳು ಅತ್ತೆ. ಮುಂದಿನ ತಿರುವಿನ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತ್ತು.

ಇವರು ಶೆಡ್ಡಿಗೆ ಮರಳಿದಾಗ ಮಗ ಆಗಲೇ ಬಂದು, ತಲೆ ಬಾಚಿ, ಚಹಾ ಕುಡಿಯುತ್ತಿದ್ದ. ಯಜಮಾನರು ಎರಡೂ ಟ್ಯಾಂಕಿಗೆ ಒಟ್ಟಿಗೇ ಪೈಪು ಹಾಕಿಸಿದರು. ಸೊಸೆಯ ಟ್ಯಾಂಕು ಬೇಗನೆ ತುಂಬಿ ಸಾಕೆಂದಿತು. ಮಗನದು ಬಿಸಿಲಲ್ಲಿ ಮೇದು ಬಂದ ಎಮ್ಮೆಯಂತೆ ಕುಡಿಯಿತು, ಕುಡಿಯಿತು, ಕುಡಿಯುತ್ತಲೇ ಇತ್ತು. ಶೆಡ್ಡಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಮಗನಿಗೂ ನಗು ತಡೆಯಲಾಗಲಿಲ್ಲ.

ಹೊಸ ಲಾರಿಯ ಕೀಲಿ ಕೈಗೆ ಬಂದಾಗ ಸೊಸೆ ಒಮ್ಮೆ ಎಡಮೊಣಕಾಲು ಸವರಿಕೊಂಡಳು. ಮಗ ಅದನ್ನು ಕಂಡ. ಊತವನ್ನೂ ಕಂಡ. ಅವನ ನಗು ಮೆತ್ತಗಾಯಿತು.

ಅತ್ತೆ ಒದ್ದೆಯಾಗದ ಚೀಲವನ್ನು ಕಸದ ಡಬ್ಬಿಗೆ ಹಾಕಲು ಹೊರಟಿದ್ದಳು. ಮಗ ಹತ್ತಿರ ಬಂದು ತಲೆ ಕೆರೆದುಕೊಂಡ.

"ಅಮ್ಮಾ, ನಾಳೆ ನನ್ನ ಲಾರಿಗೂ ಬಾ. ನಾನೂ ಕಲೀತೀನಿ."

ಅತ್ತೆ ಅವನ ಮುಖ ನೋಡಿದಳು. ಚೀಲದೊಳಗೆ ಉಸಿರು ಊದಿ, ಎಲ್ಲೂ ತೂತಿಲ್ಲವೆಂದು ಖಾತ್ರಿ ಮಾಡಿಕೊಂಡು, ಜೋಪಾನವಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.