ಗುಡ್ಡಗಳು ಒಂದಾಗುವ ಜಾಗ

ಈಗ ಜಲಾಶಯವಿರುವಲ್ಲಿ ಹಿಂದೊಮ್ಮೆ ಒಂದು ಊರಿತ್ತಂತೆ. ಅಲ್ಲಿ ಅಜ್ಜಿಯ ಮನೆಯಂಗಳದಲ್ಲಿ ನಿಂತರೆ ಅಕ್ಕ-ತಂಗಿ ಗುಡ್ಡಗಳೆರಡೂ ಒಂದೇ ಆಗಿ ಕಾಣುತ್ತಿದ್ದವಂತೆ. ಅಣೆಕಟ್ಟು ಬಂದು ಅಂಗಳ ಮುಳುಗಿತು. ಈಗ ವರ್ಷಕ್ಕೊಮ್ಮೆ, ಹಾಯಿ ಕಟ್ಟಿದ ಹಲಗೆಯ ವಿಂಡ್‌ಸರ್ಫಿಂಗ್ ವೇಗಪಂದ್ಯದ ದಿನ ಮಾತ್ರ, ಆ ನೀರಿಗಿಳಿಯಲು ಬಿಡುತ್ತಾರೆ.

"ಸೊಂಟದ ಚೀಲ ಬಿಚ್ಚಿಡಮ್ಮಾ, ಭಾರ!" ಎಂದರು ಕೋಚ್, ಪಂದ್ಯಕ್ಕೆ ಸಜ್ಜಾದ ಮೊಮ್ಮಗಳಿಗೆ.

"ಇರಲಿ ಸರ್."

"ಗೆಲ್ತೀನಿ ಅಂತ ಅಜ್ಜಿಗೆ ಮಾತು ಕೊಟ್ಟಿದ್ದೀಯಂತೆ?"

"ಮಾತು ಕೊಟ್ಟಿದ್ದೀನಿ ಸರ್."

ಹಾಯಿ ಗಾಳಿ ಹಿಡಿದದ್ದೇ ತಡ, ಹಲಗೆ ಹಾರಿತು. ಒಬ್ಬೊಬ್ಬರೇ ಹಿಂದೆ ಬಿದ್ದರು. ಗುರಿ ಇನ್ನೇನು ಬಂತು ಎನ್ನುವಾಗ ತಂಗಿ ಗುಡ್ಡ ಅಕ್ಕನ ಬೆನ್ನ ಹಿಂದೆ ಅಡಗಿತು. ಹುಡುಗಿ ಹಾಯಿಯನ್ನು ನೀರಿಗೆ ಬಿಟ್ಟಳು.

"ಏಳೇ, ಎದ್ದೇಳೇ! ಗೆದ್ದೇಬಿಟ್ಟಿದ್ದೆಯಲ್ಲೇ!" ದಡವೆಲ್ಲ ಬೊಬ್ಬೆ ಹಾಕಿತು.

ಅವಳು ಹಲಗೆಯ ಮೇಲೆ ಕೂತು ಚೀಲ ಬಿಚ್ಚಿ, ಬೂದಿಯನ್ನು ಮೆಲ್ಲಗೆ ನೀರಿಗೆ ಸುರಿದಳು.

"ಮನೆ ಬಂತು ಅಜ್ಜಿ, ಇಳಿ."