ಎದುರು ಹೋಟೆಲಿನ ದೋಸೆ

ದಾವಣಗೆರೆಯಲ್ಲಿ ಯಾರಾದರೂ ಬೇರೆ ಹೋಟೆಲಿನ ಹೊಸ್ತಿಲು ದಾಟಿದರೆ ಅವರ ಮೊಬೈಲೇ ಖಾಯಂ ಹೋಟೆಲಿಗೆ ಚಾಡಿ ಹೇಳುತ್ತದೆ. ಅಲ್ಲಿ ಎಲ್ಲರೆದುರು ಗಂಟೆ ಬಾರಿಸಿ ಅವರ ಹೆಸರು ಕೂಗುತ್ತಾರೆ.

ಹದಿನೆಂಟು ವರ್ಷ ಕೊಟ್ರಪ್ಪನವರ ಹೋಟೆಲಿನಲ್ಲೇ ಬೆಣ್ಣೆದೋಸೆ ತಿಂದ ಹಾಲಸ್ವಾಮಿ ಮೇಷ್ಟ್ರಿಗೆ ಅಂದು ಎದುರು ಹೋಟೆಲಿನ ಘಮ ತಡೆಯಲಾಗಲಿಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ಮೊಬೈಲನ್ನು ಕೊಟ್ರಪ್ಪನವರ ಟೇಬಲ್ಲಿನ ಮೇಲಿಟ್ಟು ರಸ್ತೆ ದಾಟಿದರು.

ಅಲ್ಲಿ ದೋಸೆ ಮುರಿಯುವಷ್ಟರಲ್ಲಿ ಎದುರು ಕುಳಿತವರು ಮುಖಕ್ಕೆ ಹಿಡಿದಿದ್ದ ಪೇಪರ್ ಇಳಿಸಿದರು. ಮೀಸೆಗೆ ಬೆಣ್ಣೆ ಮೆತ್ತಿಕೊಂಡ ಸಾಕ್ಷಾತ್ ಕೊಟ್ರಪ್ಪ!

ಮೇಷ್ಟ್ರು ಬೆವರಿದರು. "ನಿಮ್ ಫೋನ್ ಎಲ್ಲೈತ್ರೀ?"

"ನಮ್ ಹೋಟ್ಲ ಗಲ್ಲಾದ ಮ್ಯಾಲೆ. ನಿಮ್ದು?"

"ನಿಮ್ ಹೋಟ್ಲಾಗೇ. ಮೂರನೇ ಟೇಬಲ್ಲು."

ಕೊಟ್ರಪ್ಪ ಚಟ್ನಿ ಬಟ್ಟಲನ್ನು ಮೇಷ್ಟ್ರ ಕಡೆ ಸರಿಸಿದರು. "ಹಂಗಾದ್ರೆ ಆರಾಮಾಗಿ ತಿನ್ರಿ. ನಾವಿಬ್ರೂ ಅಲ್ಲೇ ಅದೀವಿ."